ಬಂದ್ ದಿನದ ಹಸಿರು ಬೆಳಕು

ಡಮ್ ಡಮ್, ಕಲ್ಕತ್ತಾ
೧೯ ಆಗಸ್ಟ್ ೨೦೦೧, ಭಾನುವಾರ

ಪ್ರೀತಿಯ ರಮಾನಾಥರಿಗೆ,

ಕುಸುಮಾವತಿಯ ನಮಸ್ಕಾರ. ಇಲ್ಲಿ ನಾವಿಬ್ಬರೂ ಕ್ಷೇಮ. ಸಿಲ್ಚಾರಿನ ಮಳೆಯಲ್ಲಿ ನೀವೂ ಆರೋಗ್ಯವಾಗಿದ್ದೀರೆಂದು ನಂಬಿದ್ದೇನೆ. ನಿಮ್ಮ ಎರಡು ಕಾಗದಗಳಿಗೂ ಉತ್ತರ ಬರೆಯದೆ ಇದ್ದೆ, ಬೇಸರ ಮಾಡಿಕೊಳ್ಳಬೇಡಿ. ಬರೆಯಲು ಕೂತರೆ ಎದ್ದುಬಿಡುತ್ತೇನೆ. ಒರೆಸಿದ ನೆಲವನ್ನೇ ಮತ್ತೆ ಒರೆಸುತ್ತೇನೆ, ಬಾಲ್ಕನಿಗೆ ಹೋಗಿ ಒಣಗದ ಬಟ್ಟೆಗಳನ್ನು ಮುಟ್ಟಿ ನೋಡಿ ಬರುತ್ತೇನೆ. “ಎಂತದು ಮಾರಾಯ್ತಿ, ಕಾಲಿಗೆ ಚಕ್ರ ಕಟ್ಟಿಕೊಂಡಿದ್ದೀಯಾ? ಒಂದು ಕಡೆ ಕೂತ್ಕೊ” ಎಂದು ಅತ್ತೆ ಈಗಷ್ಟೇ ಗದರಿದರು. ಅದಕ್ಕೇ ಕೂತಿದ್ದೇನೆ.

ಅತ್ತೆಯ ಮಂಡಿನೋವು ಕಡಿಮೆಯಾಗಿದೆ. ಕೆಳಮನೆಯ ಮಾಶಿಮಾ ತಾಳೆಹಣ್ಣಿನ ಬೊಡಾ ಕರಿದು ಕೊಟ್ಟಿದ್ದರು. “ಇದು ನಮ್ಮ ಮುಳ್ಕವೇ, ಹೆಸರು ಮಾತ್ರ ಬೇರೆ” ಎಂದು ಅತ್ತೆ ನನಗೆ ಒಂದನ್ನೂ ಉಳಿಸಲಿಲ್ಲ.

ಇನ್ನು ಲ್ಯಾಬಿನ ಸುದ್ದಿ. ನೀವು ಊಟದ ಹೊತ್ತಿಗೆ ಎಷ್ಟೋ ಸಲ ಕೇಳಿದ್ದೇ, ಆದರೂ ಹೇಳದೆ ಇರಲಾರೆ. ಗಾಜಿನ ಚೂರಿನ ಮೇಲೆ ಸಾವಯವ ವಸ್ತುವಿನ ಪದರಗಳು, ಎಲ್ಲ ಸೇರಿದರೂ ಕೂದಲಿನ ಸಾವಿರದಲ್ಲೊಂದು ಪಾಲು ದಪ್ಪವಿಲ್ಲ. ವಿದ್ಯುತ್ ಹರಿಸಿದರೆ ಆ ಪದರವೇ ಹಸಿರಾಗಿ ಬೆಳಗುತ್ತದೆ. ಆದರೆ ಬಾಳುವುದಿಲ್ಲ. ಈ ಊರಿನ ತೇವ ತಾಗಿದರಂತೂ ಕಪ್ಪು ಚುಕ್ಕೆಗಳು ಹುಟ್ಟಿ ಹರಡಿಬಿಡುತ್ತವೆ. ನೈಟ್ರೋಜನ್ ತುಂಬಿದ ಪೆಟ್ಟಿಗೆಯೊಳಗೆ ಕಾಪಾಡಿದರೂ ಕೆಲವೇ ದಿನ. ನಮ್ಮ ಮುಖ್ಯಸ್ಥ ತಪೋಬ್ರತಬಾಬು ಮಳೆಗಾಲದ ಶುರುವಿನಲ್ಲೇ ಹೇಳಿದ್ದರು: “ಕುಸುಮ್, ದುರ್ಗಾಪೂಜೆಯೊಳಗೆ ಬಾಳುವಂಥ ಒಂದು ದೀಪ ತೋರಿಸು. ಇಲ್ಲದಿದ್ದರೆ ಈ ಕೆಲಸ ಮುಚ್ಚೋಣ.”

ಮುಚ್ಚಿದ್ದರೆ ನಾನೂ ಅತ್ತೆಯೂ ಸಿಲ್ಚಾರಿಗೆ ಬಂದುಬಿಡಬಹುದಿತ್ತು. ಹಾಗೆಂದು ಯೋಚಿಸಿದ್ದೂ ಉಂಟು. ಆದರೆ ಮನಸ್ಸು ಬಿಡಲಿಲ್ಲ. ದೋಷ ಬೆಳಕು ಕೊಡುವ ಪದರದ್ದಲ್ಲ, ವಿದ್ಯುತ್ತು ಅದರೊಳಗೆ ನುಗ್ಗುವ ಬಗೆಯದ್ದು ಎಂದು ನನಗೆ ಅನ್ನಿಸುತ್ತಲೇ ಇತ್ತು. ಗಾಜಿನ ಬದಿಯಿಂದ ಬಲವಂತವಾಗಿ ತಳ್ಳಿದರೆ ಪದರ ಕಾದು ಕೆಡುತ್ತದೆ. ನಡುವೆ ಮೆಟ್ಟಿಲಿನಂತೆ ಇನ್ನೊಂದು ಪದರ ಹಾಕಿದರೆ? ನೀಲಿ ಬಣ್ಣದ ಒಂದು ವಸ್ತು ಹಾಕಿ ನೋಡಿದೆ. ಮೊದಲು ದಪ್ಪವಾಯಿತು, ಬೆಳಕೇ ಮಂಕು. ತೆಳ್ಳಗೆ ಹಾಕಿದೆ. ಕಡಿಮೆ ವೋಲ್ಟೇಜಿಗೆ ಅಷ್ಟೇ ಬೆಳಕು ಬಂತು! ಎಷ್ಟು ದಿನ ಬಾಳುತ್ತದೆ ಎಂಬುದೊಂದು ಉಳಿಯಿತು. ನೀಲಿ ಪದರವಿದ್ದ ಎರಡು, ಇಲ್ಲದ ಎರಡು, ಒಟ್ಟಿಗೇ ಹಚ್ಚಿಟ್ಟೆ.

ಬುಧವಾರ ಸ್ವಾತಂತ್ರ್ಯ ದಿನದ ರಜೆಯಾದರೂ ಲ್ಯಾಬಿಗೆ ಹೋಗಿದ್ದೆ, ನೈಟ್ರೋಜನ್ ಸಿಲಿಂಡರಿನ ಮುಳ್ಳು ಕೆಳಗಿಳಿದಿತ್ತು. ಬೆಳಿಗ್ಗೆ ಬಂದು ಬದಲಿಸಿದರಾಯಿತು ಎಂದು ಮನೆಗೆ ಬಂದರೆ, ಮಾಶಿಮಾ ಬಾಗಿಲಲ್ಲೇ ಹೇಳಿದರು, ನಾಳೆ ಬಂದ್.

ಗುರುವಾರ ಬಸ್ಸಿಲ್ಲ, ಲೋಕಲ್ ಇಲ್ಲ, ಮೆಟ್ರೋ ಇಲ್ಲ. ಚಪ್ಪಲಿ ಮೆಟ್ಟಿದ್ದು ನೋಡಿ ಅತ್ತೆ ಬಾಗಿಲಿಗೆ ಅಡ್ಡ ನಿಂತರು. “ಗಾಜಿನ ಚೂರಿಗಾಗಿ ಮಾಣಿಕ್‌ತಲಾವರೆಗೆ ನಡ್ಕೊಂಡು ಹೋಗ್ತೀಯಾ? ದಾರಿಯಲ್ಲಿ ಎಂತಾದ್ರೂ ಆದ್ರೆ ಅವನಿಗೆ ನಾನು ಎಂತ ಹೇಳಲಿ?” ಎಂದರು. ಆಮೇಲೆ ತಾವೇ ಕೊಡೆ ತಂದುಕೊಟ್ಟರು.

ಬೆಲ್ಗಾಛಿಯಾ ಸೇತುವೆ ಖಾಲಿ. ಶ್ಯಾಮ್‌ಬಜಾರಿನ ಐದು ರಸ್ತೆ ಕೂಡುವಲ್ಲಿ ಹುಡುಗರು ಟ್ರಾಮ್ ಹಳಿಯ ಮೇಲೆ ಕ್ರಿಕೆಟ್ ಆಡುತ್ತಿದ್ದರು. ಅಲ್ಲೇ ಬಾವುಟ ನೆಟ್ಟು ಬೆಂಚು ಹಾಕಿ ಕೂತಿದ್ದವರಲ್ಲಿ ವಯಸ್ಸಾದವರೊಬ್ಬರು ತಡೆದರು. “ಬೌದಿ, ಇವತ್ತು ಆಫೀಸಿಗೆ ಹೋಗುವ ಹಾಗಿಲ್ಲ.” ನನ್ನ ಬಂಗಾಳಿ ನಿಮಗೆ ಗೊತ್ತಲ್ಲ. “ಆಫೀಸಲ್ಲ ದಾದಾ, ನಾನು ಹೋಗದಿದ್ದರೆ ದೀಪ ಆರಿಹೋಗುತ್ತದೆ” ಎಂದುಬಿಟ್ಟೆ. ಅವರು ಯಾವ ದೇವಸ್ಥಾನದ ದೀಪವೆಂದುಕೊಂಡರೋ! ಹಣೆಗೆ ಕೈ ಮುಟ್ಟಿಸಿ, “ಅಯ್ಯೋ, ಹೋಗಿ ಹೋಗಿ” ಎಂದು ಹುಡುಗರ ಆಟ ನಿಲ್ಲಿಸಿ ದಾರಿ ಬಿಡಿಸಿದರು. ನಗು ಬಂತು, ಅಳುವೂ ಬಂತು. ಉಳಿದ ದಾರಿಯನ್ನು ಓಡಿದಂತೆಯೇ ನಡೆದೆ.

ಲ್ಯಾಬಿನ ಕಾವಲುಗಾರರು ಕೈಜೋಡಿಸಿದರು, ಸಿಲಿಂಡರ್ ಬದಲಾಯಿತು. ಅದಾದ ಮೇಲೆಯೇ ಪೆಟ್ಟಿಗೆಯೊಳಗೆ ನೋಡುವ ಧೈರ್ಯ ಬಂದದ್ದು. ಪದರವಿಲ್ಲದ ಎರಡೂ ಕಪ್ಪು ಹಿಡಿದು ಸತ್ತಿದ್ದವು. ನೀಲಿ ಪದರದ ಎರಡೂ ಉರಿಯುತ್ತಿದ್ದವು. ಒಂದು ಚುಕ್ಕೆ ಇಲ್ಲ! ಎಳೆ ಭತ್ತದ ಸಸಿಯ ಬಣ್ಣ. ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

ನಿನ್ನೆ ತಪೋಬ್ರತಬಾಬು ಬಹಳ ಹೊತ್ತು ನೋಡಿ, “ಮುಚ್ಚುವ ಮಾತು ಬಿಡು. ಇನ್ನೊಂದು ವರ್ಷ ಇದರ ಮೇಲೇ ಕೂರು” ಎಂದರು. ಒಪ್ಪಿಕೊಂಡೆ. ನಿಮ್ಮನ್ನು ಕೇಳದೆ ಒಪ್ಪಿಕೊಂಡದ್ದು ಇದೇ ಮೊದಲು. ನಿನ್ನೆ ಸಂಜೆ ನಾನು ಹೊರಡುವಾಗಲೂ ಆ ಎರಡೂ ಉರಿಯುತ್ತಿದ್ದವು. ನನಗೆ ಮಾತ್ರ ನೆಮ್ಮದಿಯಿಲ್ಲ.

ನೀರು ಕುದಿಸಿ ಕುಡಿಯಿರಿ. ರಾತ್ರಿ ಬರಿ ಬ್ರೆಡ್ಡು ತಿಂದು ಮಲಗಬೇಡಿ. ಅತ್ತೆ ತಲೆಯ ಮೇಲೆ ಕೈಯಿಟ್ಟು ಹರಸಿದ್ದೇನೆಂದು ಬರೆ ಎಂದಿದ್ದಾರೆ. ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ.

ನಿಮ್ಮ
ಕುಸುಮ

ಮರೆತ ಮಾತು: ಮರೆತದ್ದಲ್ಲ, ಬರೆಯಲಾಗಲಿಲ್ಲ. ಗುರುವಾರ ಲ್ಯಾಬಿನಿಂದ ಹೊರಬಿದ್ದವಳೇ ಅರ್ಧ ಶಟರ್ ಎಳೆದಿದ್ದ ಎಸ್.ಟಿ.ಡಿ. ಬೂತಿಗೆ ಬಗ್ಗಿ ನುಗ್ಗಿ ನಿಮ್ಮ ಬ್ರಾಂಚಿಗೆ ಫೋನ್ ಮಾಡಿದೆ. ಮೊದಲು ನಿಮಗೇ ಹೇಳಬೇಕೆಂದಿತ್ತು. ನೀವು ಹೊರಗೆ ಹೋಗಿದ್ದಿರಿ. ಕುಂದಾಪುರದ ವಿಶ್ವನಾಥ ಎಂಬವರು ತೆಗೆದುಕೊಂಡರು, ಕನ್ನಡ ಕೇಳಿ ಖುಷಿಪಟ್ಟರು. “ನಾವೆಲ್ಲ ಇಲ್ಲಿಂದ ಯಾವಾಗ ಬಿಡುಗಡೆ ಅಂತ ಕಾಯ್ತಾ ಇದ್ದೇವೆ ಮೇಡಂ. ನಿಮ್ಮೋರು ಒಬ್ಬರೇ ಇಲ್ಲಿಗೆ ಕೇಳಿ ವರ್ಗ ಹಾಕಿಸಿಕೊಂಡು ಬಂದದ್ದು. ದೊಡ್ಡ ಮನಸ್ಸು” ಎಂದರು. “ಹೌದು” ಎಂದು ಫೋನಿಟ್ಟೆ.

ಬ್ಯಾಂಕು ಸಿಲ್ಚಾರಿಗೆ ಹಾಕಿತು, ಏನು ಮಾಡುವುದು ಎಂದು ನೀವು ಹೇಳಿ ಹೋಗಿದ್ದಿರಿ. ಈ ಮನೆಯಲ್ಲಿ ನಿಮಗೆ ಏನು ಸಾಲದಾಗಿತ್ತು? ನಾನು ದೀಪದ ಮಾತಾಡುವಾಗ ನೀವು ತಟ್ಟೆ ನೋಡುತ್ತಾ ಉಣ್ಣುತ್ತಿದ್ದಿರಿ. ಕೇಳುತ್ತಿದ್ದೀರಿ ಎಂದುಕೊಂಡಿದ್ದೆ.

ಅತ್ತೆಗೆ ಹೇಳಿಲ್ಲ. ಮಗನನ್ನು ವಾಪಸು ಕಳಿಸಿ ಎಂದು ಬ್ಯಾಂಕಿನ ದೊಡ್ಡವರಿಗೆ ಒಂದು ಅರ್ಜಿ ಬರೆ ಎಂದು ದಿನಾ ಕಾಡುತ್ತಾರೆ. ಬರೆಯಲೇ? ನೀವೇ ಹೇಳಿ.