ಏಪ್ರಿಲ್ ಚಾಟ್ನಿ

೧೫ ಏಪ್ರಿಲ್ ೨೦೦೬, ಹೆಲ್ಸಿಂಗ್‌ಬೋರ್ಯ್

ನಾನು ಬಾಯಿಬಿಟ್ಟು ಹೇಳಬೇಕಿತ್ತೇನೋ. ಈ ಚಳಿದೇಶದಲ್ಲಿ ದ್ರಾಕ್ಷಿಬಳ್ಳಿಯನ್ನು ಚಳಿಗಾಲದಲ್ಲೇ ಸವರಬೇಕೆಂದು ಪಕ್ಕದ ಮನೆಯ ಇಂಗೆರ್ ಹೇಳಿದ್ದರು. ಇವತ್ತು ನನ್ನ ಹೆಂಡತಿ ಸಿಂಧೂರ ತಾನಾಗಿಯೇ ಕತ್ತರಿ ಹಿಡಿದು ಹಿತ್ತಲಿನ ಗಾಜುಮನೆಗೆ ನಡೆದಳು.

"ಅಪ್ಪ ನಮ್ಮ ದ್ರಾಕ್ಷಿ ತೋಟಕ್ಕ ಏಪ್ರಿಲ್‌ದಾಗ ಚಾಟ್ನಿ ಮಾಡಸ್ತಿದ್ರು," ಎಂದಳು. ಬಳ್ಳಿ ಸವರುವುದಕ್ಕೆ ಅವರ ಕಡೆ ಚಾಟ್ನಿ ಅನ್ನುತ್ತಾರೆ.

ಜನವರಿಯಲ್ಲಿ ಬಿಜಾಪುರದಲ್ಲಿ ಮಾವ ತೀರಿಕೊಂಡ ಮೇಲೆ ಅವಳು ಅವರ ಮಾತೆತ್ತಿದ್ದು ಇದೇ ಮೊದಲು. ನಾನು ತಡೆಯದೆ, ಅವಳು ಕತ್ತರಿಸಲೆಂದು ಬಳ್ಳಿ ಹಿಡಿದುಕೊಂಡೆ.

ಸಂಜೆ ನೋಡಿದರೆ, ಕತ್ತರಿಸಿದ ತುದಿಗಳಿಂದೆಲ್ಲ ನೀರು ತೊಟ್ಟಿಕ್ಕುತ್ತಿತ್ತು.

"ಸಾಯ್ತದೇನ್ರಿ?"

"ಇಲ್ಲ, ಚಳಿಗಾಲ ಕಳೆದ್ಮೇಲೆ ಕತ್ತರಿಸಿದ್ರೆ ಹೀಗೆ ಸೋರಿ, ಎಲೆ ಬಂದ್ಮೇಲೆ ನಿಲ್ಲುತ್ತಂತೆ. ಇಂಗೆರ್ ಹೇಳಿದ್ರು."

"ಅಂದ್ರ ನಿಮಗ ಮೊದಲ ಗೊತ್ತಿತ್ತು?"

ತಲೆಯಾಡಿಸಿದೆ. ಬೈಯುತ್ತಾಳೆ ಅಂದುಕೊಂಡಿದ್ದೆ. ಅವಳು ನನ್ನ ಹೆಗಲಿಗೆ ಹಣೆಯಿಟ್ಟು, ಇಷ್ಟು ದಿನ ಹಿಡಿದಿಟ್ಟಿದ್ದನ್ನೆಲ್ಲ ಅತ್ತಳು.

ಅಂಗಿ ಆಗಲೇ ಒಣಗಿದೆ. ಬದಲಾಯಿಸಲು ಮನಸ್ಸಾಗುತ್ತಿಲ್ಲ.