ಬೆಕ್ಕಿಗೆ ಮಾತ್ರ ಆಡುವ ಮಾತು

ಖಾನಾಪುರ,
ಬುಧವಾರ, ೨೧ ನವೆಂಬರ್ ೨೦೦೧

ಪ್ರೀತಿಯ ತಂಗಿ ಪ್ರಾಚಿಗೆ ಅಕ್ಕನ ಆಶೀರ್ವಾದ, ಜೈ ಜಿನೇಂದ್ರ.

ನಿನ್ನ ಕೆಮ್ಮು ಹೇಗಿದೆ? ರವಿವಾರ ಫೋನಿನಲ್ಲಿ ಮಾತಿನ ನಡುನಡುವೆ ಕೆಮ್ಮುತ್ತಿದ್ದೆ, ಕೇಳಿದರೆ "ಧೂಳ ಐತಿ ಅಕ್ಕಾ" ಎಂದು ಜಾರಿಕೊಂಡೆ. ಮಂಗಳೂರಿನಲ್ಲಿ ಬರೇ ಮಳೆ ಎಂದು ಬರೆದವಳೂ ನೀನೇ, ಧೂಳು ಎಲ್ಲಿಂದ ಬಂತು? ನೀರು ಕಾಯಿಸುವ ಕರೆಂಟಿನ ಕಾಯಿಲನ್ನು ಒದ್ದೆ ಕೈಯಲ್ಲಿ ಮುಟ್ಟಬೇಡ. ಹಾಸ್ಟೆಲಿನ ಬಾವಿಯ ನೀರನ್ನು ಅರಿವೆಯಲ್ಲಿ ಸೋಸಿ ಕುಡಿ, ಗೆಳತಿಯರು ನಕ್ಕರೆ ನಗಲಿ. ಹೊತ್ತು ಮುಳುಗುವ ಮೊದಲು ನಿನಗೆ ಊಟ ಸಿಗುತ್ತದೋ ಇಲ್ಲವೋ, ಮೀನು ಬೇಯಿಸಿದ ಬೋಗುಣಿಯಲ್ಲೇ ನಿನ್ನ ಸಾರನ್ನೂ ಕಾಯಿಸುತ್ತಾರೋ ಏನೋ ಎಂದು ನೆನೆದರೆ ನನಗೆ ಇಲ್ಲಿ ತುತ್ತು ಇಳಿಯುವುದಿಲ್ಲ. ನಮ್ಮಲ್ಲಿ ಜ್ವರ, ನೆಗಡಿ ಯಾರಿಗೂ ಇಲ್ಲ. ಕ್ಷೇಮ ಎಂದು ಮಾತ್ರ ಬರೆಯಲಾರೆ.

ನನಗೆ ಹೇಸಿಗೆ ಹತ್ತಿದೆ, ಪ್ರಾಚಿ. ಬೇರೆ ಶಬ್ದ ಹುಡುಕಿದೆ, ಸಿಗಲಿಲ್ಲ. ಬೇಸಿಗೆ ರಜೆಗೆ ಬಂದಾಗ ನಡುಮನೆಯ ಗೋಡೆಗೆ ನೀನು ಅಂಟಿಸಿ ಹೋದ ಆ ಚಿತ್ರ ಇನ್ನೂ ಹಾಗೇ ಇದೆ. ಮನುಷ್ಯನ ಮುಖವನ್ನು ನಡುವೆ ಸೀಳಿ ನಾಲಿಗೆ, ಕಿರುನಾಲಿಗೆ, ಗಂಟಲು ಎಲ್ಲ ತೋರಿಸಿದ್ದು. ಊಟಕ್ಕೆ ಕುಳಿತರೆ ಎದುರಿಗೇ ಅದು. ಬಸದಿಗೆ ಹೋಗಿ ಬಂದವರ ಮನೆಯಲ್ಲಿ ಕಸಾಯಿ ಅಂಗಡಿಯ ಕ್ಯಾಲೆಂಡರ್ ತೂಗಿದ ಹಾಗೆ. ಅದನ್ನಾದರೂ ಬೆನ್ನು ಮಾಡಿ ಕುಳಿತು ಸಹಿಸಬಹುದು. ಆದರೆ ಈ ಮನೆಯ ಮೌನಕ್ಕೆ ಬೆನ್ನು ಮಾಡಿ ಎಲ್ಲಿ ಕೂಡಲಿ?

ನನ್ನ ಮಗ ಅರಿಹಂತನಿಗೆ ಮೂರು ತುಂಬಿ ನಾಲ್ಕು ಹತ್ತಿರ ಬಂದರೂ ಹತ್ತಿಪ್ಪತ್ತು ಮಾತಿನ ಮೇಲೆ ಏರಲಿಲ್ಲ ಎಂದು ಅತ್ತುಕೊಂಡು ನಿನ್ನ ಮುಂದೆ ಕೂಡಿಸಿದವಳು ನಾನೇ. ಓಣಿಯವರಿಗೆಲ್ಲ "ನಮ್ಮ ತಂಗಿ ಮಾತಿನ ಡಾಕ್ಟರ್ ಆಗಾಕತ್ತಾಳ" ಎಂದು ಹೇಳಿಕೊಂಡು ತಿರುಗಿದವಳೂ ನಾನೇ. ಲಕ್ವಾ ಹೊಡೆದ ಮುದುಕರೊಬ್ಬರು ನಿನ್ನ ಕೈಯಲ್ಲಿ ಮತ್ತೆ 'ನೀರು' ಎನ್ನಲು ಕಲಿತರೆಂದು ಬರೆದಿದ್ದೆಯಲ್ಲ, ಆ ಪತ್ರವನ್ನು ಬಾಜೂ ಮನೆಯ ಭರಮವ್ವನಿಗೂ ಓದಿ ಹೇಳಿದ್ದೆ. ನೀನು ಅರಿಹಂತನಿಗೆ ಚಿತ್ರದ ಕಾರ್ಡುಗಳನ್ನು ತೋರಿಸಿದೆ. ಆಕಳ ಕಾರ್ಡು ಹಿಡಿದಾಗ ಅವನು ಮರಾಠಿಯಲ್ಲಿ "ಗಾಯ್" ಎಂದ. ಅತ್ತೆ ಹಿಗ್ಗಿ "ಬರೋಬರ್!" ಎಂದು ಚಪ್ಪಾಳೆ ತಟ್ಟಿದರು, ನೀನು ಕಾಗದದ ಮೇಲೆ ತಪ್ಪೆಂದು ಕಾಟು ಹಾಕಿದೆ. ಎರಡು ಭಾಷೆ ಕಿವಿಗೆ ಬಿದ್ದರೆ ಮಗುವಿಗೆ ಗೊಂದಲ ಆಗುತ್ತದೆ, ಮನೆಯಲ್ಲಿ ಒಂದೇ ಭಾಷೆ ಇರಬೇಕು, ಸಾಲಿ ಕನ್ನಡದ್ದಾದ್ದರಿಂದ ಕನ್ನಡ, ಇದು ನಮ್ಮ ಕಾಲೇಜಿನ ಸರ್ ಹೇಳುವ ನಿಯಮ ಎಂದೆ. ನಮ್ಮ ಮನೆಯವರಿಗೆ ಅದು ಭಗವಂತನ ವಾಣಿಯಾಯಿತು. "ಎಂ.ಎಸ್ಸಿ. ಓದಾಕಿ ಹೇಳ್ಯಾಳ, ನಮಗೇನ ತಿಳಿತೈತಿ" ಎಂದರು.

ಅತ್ತೆಯ ತವರು ಮರಾಠಿ ಸೀಮೆ, ಗಡಹಿಂಗ್ಲಜದ ಆಚೆ. ಈ ಮನೆಗೆ ಬಂದು ಮುದುಕಿಯಾದರೂ ಅವರ ಕನ್ನಡ 'ಬಾ, ಹೋಗು, ನೀರ ಕೊಡು' ದಾಟಿಲ್ಲ. ಅವರ ಜೊತೆ ಮರಾಠಿ, ನನ್ನ ಜೊತೆ ಕನ್ನಡ, ಎಂದೂ ಯಾರಿಗೂ ಅದು ಎರಡು ಎನಿಸಿರಲಿಲ್ಲ. ಈಗ ಅವರು ಮೊಮ್ಮಗನನ್ನು ಕರೆದರೆ ನಮ್ಮ ಮನೆಯವರು ಗದರುತ್ತಾರೆ, "ಆಯೀ, ಗಪ್ಪ ಬಸ್." ಸುಮ್ಮನೆ ಕುಳಿತುಕೋ ಎಂಬುದನ್ನೂ ಮರಾಠಿಯಲ್ಲೇ ಹೇಳಬೇಕಾಯಿತು ನೋಡು. ಆ ಹಿರಿಯ ಜೀವ ಅರಿಹಂತ ಬಂದ ಕೂಡಲೇ ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಳ್ಳುತ್ತದೆ. ಸೆರಗೆಲ್ಲ ಎಂಜಲು. ಅದನ್ನು ಒಗೆಯುವಾಗ ನನಗೆ ಹೇಸಿಗೆಯಾಗುತ್ತದೆ, ಎಂಜಲಿಗಲ್ಲ. ಕೈಸನ್ನೆಯಲ್ಲಿ ಉಣ್ಣು ಎನ್ನುತ್ತಾರೆ, ಕೈಸನ್ನೆಯಲ್ಲಿ ಮಲಗು ಎನ್ನುತ್ತಾರೆ. ಅವನೂ ಅದನ್ನೇ ಕಲಿತ. ಮೊದಲು ಇದ್ದ ಹತ್ತಿಪ್ಪತ್ತು ಮಾತೂ ಹೋಗಿ ಈಗ ಹಸಿವಾದರೆ ಹೊಟ್ಟೆ ಮುಟ್ಟಿ ತೋರಿಸುತ್ತಾನೆ. ಅತ್ತೆಗೋ, ಯಾರ ಜೊತೆಗಾದರೂ ಮಾತಾಡದೆ ಜೀವ ತಡೆಯದು. ಹಿತ್ತಿಲಿಗೆ ಹೋಗಿ ಬೆಕ್ಕನ್ನು ತೊಡೆಯ ಮೇಲೆ ಹಾಕಿಕೊಂಡು ಮನಸ್ಸಿನದನ್ನೆಲ್ಲ ಹೇಳುತ್ತಾರೆ. ಮೊನ್ನೆ ನಾನು ಅರಿವೆ ಒಣ ಹಾಕಲು ಹೋದಾಗ ಅರಿಹಂತ ಒಬ್ಬನೇ ಅಲ್ಲಿ ಕುಕ್ಕರುಗಾಲಲ್ಲಿ ಕುಳಿತಿದ್ದ. "ಯೇ, ದೂಧ ಪೀ, ರಡೂ ನಕೋ" ಎಂದು ಬೆಕ್ಕಿಗೆ ಹೇಳುತ್ತಿದ್ದ. ಬಾ, ಹಾಲು ಕುಡಿ, ಅಳಬೇಡ. ಮೂರು ಮಾತು ಒಂದಕ್ಕೊಂದು ಕೂಡಿಸಿ! ನಾನು ಹಸಿ ಅರಿವೆ ಕೆಳಗೆ ಬಿಟ್ಟು ಅಪ್ಪಿಕೊಳ್ಳಲು ಓಡಿದೆ. ನನ್ನನ್ನು ಕಂಡದ್ದೇ ತಪ್ಪು ಮಾಡಿ ಸಿಕ್ಕಿಬಿದ್ದವನಂತೆ ಅಂಗಿಯ ತುದಿಯನ್ನು ಬಾಯಿಗೆ ತುರುಕಿಕೊಂಡ. ಆಗ ಬಂದ ಹೇಸಿಗೆ ಇನ್ನೂ ಹೋಗಿಲ್ಲ. ಭರಮವ್ವ ಗೋಡೆಯ ಆಚೆಯಿಂದ, "ಕನ್ನಡ-ಮರಾಠಿ ಜಗಳ ಬೆಳಗಾವ್ಯಾಗ ಇತ್ತಲ್ಲಬೇ, ನಿಮ್ಮ ಅಡಗಿಮನಿಗೂ ಬಂತೇನ?" ಎಂದಳು. ನಕ್ಕೇ ಹೇಳಿದಳು, ನನಗೆ ನಗಲು ಬರಲಿಲ್ಲ.

ಇದನ್ನೆಲ್ಲ ಹೇಳಲೆಂದೇ ರವಿವಾರ ಸ್ಟ್ಯಾಂಡಿನ ಬೂತಿಗೆ ಬಂದು ಫೋನ್ ಹಚ್ಚಿದೆ. ನೀನೇನು ಹೇಳಿದೆ? "ಅಕ್ಕಾ, ಹೊಸಾ ಪುಸ್ತಕದಾಗ ಬ್ಯಾರೆನ ಐತಿ, ಎರಡು ಭಾಷಾ ಕೇಳಿದ್ರ ಏನೂ ಆಗಂಗಿಲ್ಲಂತ. ನಾ ಸರ್‌ಗ ಕೇಳಿದೆ, ಮೊದಲ ಪಾಸಾಗವಾ ಅಂದ್ರು. ಬೆಳಗಾವಿ ಕ್ಯಾಂಪ್ ಮುಗಿಯೂತನಾ ಹಿಂಗ ನಡಸು." ಬೂತಿನವನು ನೋಡುತ್ತಿದ್ದ, ನಾನು ಫೋನ್ ಇಟ್ಟುಬಿಟ್ಟೆ. ನಿನಗೆ ಗೊತ್ತಿತ್ತು! ಅರಿಹಂತ ನಿನ್ನ 'ಕೇಸ್' ಅಂತೆ, ಅವನ ಮೇಲೆ ನೀನು ಬರೆದದ್ದಕ್ಕೆ ಸರ್ ಸಹಿ ಹಾಕಬೇಕಂತೆ. ನಮ್ಮ ಕಡೆ ಕೇಸ್ ಎಂದರೆ ಕೋರ್ಟಿನದು, ಪ್ರಾಚಿ. ನಾಲಿಗೆ ಆಡಿಸಲು ತುಟಿಗೆ ಜೇನು ಹಚ್ಚಬೇಕೆಂದು ಅದೇ ಸರ್ ಬರೆದುಕೊಟ್ಟಿದ್ದರಲ್ಲ? ನಮ್ಮ ಧರ್ಮದಲ್ಲಿ ಜೇನು ಮುಟ್ಟುವುದಿಲ್ಲ ಎಂದು ನೀನು ಅವರ ಎದುರಿಗೇ ನಿಂತು ಹೇಳಿ ಜೋನಿಬೆಲ್ಲ ಮಾಡಿಸಿದೆ. ಇರುವೆ ಹತ್ತಿ ನಾನು ಪಟ್ಟ ಪಾಡು ಇರಲಿ, ಅಂದು ನಿನ್ನ ಬಗ್ಗೆ ಎಷ್ಟು ಹೆಮ್ಮೆ ಪಟ್ಟೆ. ಜೇನಿನ ವಿಷಯಕ್ಕೆ ಇದ್ದ ಬಾಯಿ ಅರಿಹಂತನ ಅಜ್ಜಿಯ ವಿಷಯಕ್ಕೆ ಎಲ್ಲಿ ಹೋಯಿತು?

ನಾನು ಆರನೆಯ ಇಯತ್ತೆಗೆ ಸಾಲಿ ಬಿಟ್ಟವಳು. ನೀನು ಹುಟ್ಟಿದಾಗ ಅವ್ವ ಹಾಸಿಗೆ ಹಿಡಿದಳು, ಪೀರನವಾಡಿಯ ಮನೆಯಲ್ಲಿ ನಿನ್ನನ್ನು ಎತ್ತಿ ಆಡಿಸಿದ್ದು ನಾನು. ನೀನು ಗುಬ್ಬಿಗೆ ಗುಬ್ಬಿ ಎನ್ನುತ್ತಿದ್ದೆ, ಕಾಗೆಗೆ ಬಾಜೂ ಮನೆಯ ಮರಾಠಿಯವರಿಂದ ಕಲಿತು ಕಾವಳಾ ಎನ್ನುತ್ತಿದ್ದೆ, ನಿನ್ನ ಮಾತಿಗೆ ಏನೂ ಆಗಲಿಲ್ಲ. ಆದರೆ ನಿನಗೆ ಬಂದಂತೆ ಅರಿಹಂತನಿಗೂ ಬರುತ್ತದೆ ಎಂದು ನಾನು ಹೇಗೆ ಹೇಳಲಿ? ಅವನಿಗೆ ಬೇರೆ ಏನಾದರೂ ತೊಂದರೆ ಇದ್ದರೆ? ಅತ್ತೆಗೆ ಮಾತು ಬಿಟ್ಟುಕೊಟ್ಟು ಮುಂದೆ ಅವನು ಮೂಕನಾದರೆ ಯಾರ ಕೊರಳಿಗೆ? ಈ ಚಿಂತೆಗೆ ನನ್ನ ತಲೆ ಹಿಡಿದುಕೊಂಡಿದೆ. ಅದರ ಮೇಲೆ ಡಿಸೆಂಬರ್ ಒಂಬತ್ತಕ್ಕೆ ಬೆಳಗಾವಿಯಲ್ಲಿ, ಕೋಟೆಯ ಹತ್ತಿರ, ನಿಮ್ಮ ಕಾಲೇಜಿನವರ ಕ್ಯಾಂಪ್. ಒಂದೇ ಭಾಷೆಯಿಂದ ಮಗು ಸುಧಾರಿಸಿತು ಎಂದು ನಾನು ಮೈಕಿನ ಮುಂದೆ ಹೇಳಬೇಕಂತೆ. ಸರ್ ಎದುರಿಗೆ ಮಗುವಿನ ಬಾಯಿಂದ ಮರಾಠಿ ಬೀಳಬಾರದೆಂದು ನಮ್ಮ ಮನೆಯವರು ಅತ್ತೆಯನ್ನು ಮುಂಚಿನ ವಾರವೇ ಗಡಹಿಂಗ್ಲಜಕ್ಕೆ ಕಳಿಸುವ ಯೋಚನೆ ಮಾಡಿದ್ದಾರೆ. ಹೇಳದಿದ್ದರೆ ನಿನ್ನ ಡಿಗ್ರಿ ಹೋದೀತೆಂಬ ಭಯ. ಹೇಳಿದರೆ ಆ ಮೈಕಿನ ಮೇಲೆಯೇ ವಾಂತಿಯಾದೀತು.

ಮೈ ಕಡೆ ನೋಡಿಕೋ. ಕೆಮ್ಮಿಗೆ ಬಿಸಿನೀರಿನಲ್ಲಿ ಉಪ್ಪು ಹಾಕಿ ಬಾಯಿ ಮುಕ್ಕಳಿಸು. ಪದ್ಮಾವತಿ ದೇವಿ ನಿನಗೆ ವಿದ್ಯೆಯನ್ನೂ ಅದನ್ನು ಆಡುವ ಧೈರ್ಯವನ್ನೂ ಕೊಡಲಿ.

ನಿನ್ನ ಅಕ್ಕ,
ಪದ್ಮವ್ವ

ತಾ.ಕ.: ಅಂಟಿಸಿದ ಲಕೋಟೆಯನ್ನು ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಅತ್ತೆ ಎಲ್ಲಿಗೂ ಹೋಗುವುದಿಲ್ಲ ಎಂದು ಇವರಿಗೆ ಈಗ ತಾನೇ ಹೇಳಿದೆ. "ಪ್ರಾಚಿಗಿಂತ ನೀ ಶ್ಯಾಣ್ಯಾ ಆದಿ ಏನ?" ಎಂದರು. "ಇಲ್ಲರಿ, ಪ್ರಾಚಿಗೂ ಗೊತ್ತೈತಿ" ಎಂದೆ. ಕ್ಯಾಂಪಿಗೆ ಬರುತ್ತೇವೆ, ಅತ್ತೆಯೂ ಬರುತ್ತಾರೆ. ಮೈಕ್ ಕೊಟ್ಟರೆ ನಡೆದದ್ದನ್ನೇ ಹೇಳುತ್ತೇನೆ. ಅದಕ್ಕೆ ಮೊದಲು ನೀನೇ ನಿನ್ನ ಸರ್‌ಗೆ ಹೇಳಿಬಿಡು ತಂಗೀ, ನಾನು ಹೇಳುವುದು ಎರಡನೆಯದಾಗಲಿ. ಮುಂದಿನ ಸಾಲಿನಲ್ಲಿ ಕುರ್ಚಿ ಹಿಡಿದಿಡು, ಅತ್ತೆಗೆ ಈಚೆಗೆ ಕಿವಿ ಸ್ವಲ್ಪ ಮಂದ.