ಅವ್ವನ ದನಿಯ ಫೈಲು

ಬ್ಯಾಡಗಿಯ ಮನೆ ಬಿಟ್ಟು ರಾಣೆಬೆನ್ನೂರಿನ ಹೊಸ ಕೆಲಸಕ್ಕೆ ಹೊರಟ ನಿರ್ಮಲಾ, ತನ್ನಂತೆಯೇ ಕಣ್ಣು ಕಾಣದ ತಮ್ಮನಿಗೆ ಬ್ರೈಲ್ ಚೀಟಿ ಬರೆದಿಟ್ಟಳು.

“ಕೊಟ್ರೇಶಾ, ರೊಟ್ಟಿ ಬುಟ್ಟ್ಯಾಗ ಅದಾವ. ಹಾಲು ಕಾಸೂದು ಮರೀಬ್ಯಾಡ.

ನಾವು ಪುಸ್ತಕ ಕೇಳೋ, ದನಿ ರೆಕಾರ್ಡ್ ಮಾಡೋ ಆ ಮಾತಾಡೋ ಮಷೀನು ನಿನ್ನ ಕಡೇನ ಇರ್ಲಿ, ಅದಕ್ಕ ನಾ ಜಗಳಾ ತಗಿಯೂದಿಲ್ಲ. ಆದ್ರ ಅದರಾಗಿನ ಅವ್ವನ ದನಿ ನನಗೂ ಬೇಕೋ. ಆ ಫೈಲ್ ತಗದು ಇಮೇಲ್ ಒತ್ತು. ನನ್ನ ಇಮೇಲ್ ವಿಳಾಸ ಅದರಾಗ ‘ಅಕ್ಕ’ ಅನ್ನೋ ಹೆಸರಿನ್ಯಾಗ ಇಟ್ಟೇನಿ. ಕಳಿಸಿದ್ರ ನಿನ್ನ ಫೈಲ್ ಅಳಿಸಿಹೋಗೂದಿಲ್ಲ, ಹೆದರಬ್ಯಾಡ.

ಅವ್ವ ಹೋಗಿ ವರ್ಷಾತು. ನನ್ನ ಹೆಸರು ಹಿಡಿದು ಹೆಂಗ ಕರೀತಿದ್ಲು ಅನ್ನೂದು ಮರ್ತು ಹೋಗಾಕತ್ತೈತಿ.”

ಸಂಜೆ ಬಾಡಿಗೆ ಕೋಣೆಯಲ್ಲಿ ಅವಳ ಫೋನಿಗೆ ಎರಡು ಫೈಲ್ ಬಂದವು. ಮೊದಲನೆಯದರಲ್ಲಿ ತಮ್ಮನ ದನಿಯಿತ್ತು:

“ಅಕ್ಕಾ, ಕುಂದ್ರು. ಈಗ ಅವ್ವ ಕರೀತಾಳ.”